ಮೀನಿನ ಅಕ್ಕನಿಗೆ ಕೊಟ್ಟ ಮಾತು

ಬಿಣಗಾದ ನಮ್ಮ ಮನೆಗೆ ಮೀನು ತರುವ ಅಕ್ಕ ಕಳೆದ ತಿಂಗಳು ಒಂದು ಬೆಳಿಗ್ಗೆ ಬುಟ್ಟಿ ಇಳಿಸಿದವಳು ಬಂಗಡೆಯ ಮಾತೇ ಎತ್ತಲಿಲ್ಲ. ಅಂಕೋಲೆಗೆ ಕೊಟ್ಟ ಮಗಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿತ್ತು. ಕೂಸನ್ನು ಕಾರವಾರದ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದರು.

“ಬಾಯೀ, ಸಂಜಿಗೆ ನಿಮ್ಮ ಸಾಯಬಿಣಿ ಮುಂದೆ ಕೂತು ಮಣಿ ಎಣಸ್ತ್ರಿ ಅಲಾ, ಆವಾಗ ನಮ್ಮ ಕೂಸಿಂದೂ ಒಂದ್ ಮಾತು ಹೇಳ್ರಾ.”

ಹಿಂದೂಗಳಾದರೂ ಅವರ ಮನೆಯವರು ಮರಿಯಮಾತೆಯನ್ನು ನಮ್ಮ ಹಾಗೆಯೇ ಸಾಯಬಿಣ ಎನ್ನುತ್ತಾರೆ.

“ದಿನಾ ಹೇಳ್ತೆ ಅಕ್ಕಾ,” ಅಂದೆ.

ಹೇಳಲಿಲ್ಲ. ಅಥವಾ ಮೊದಲ ಸಂಜೆ ಹೇಳಿದ್ದೆನೇನೋ. ಮೊಂಬತ್ತಿ ಹಚ್ಚುತ್ತ ಕೂಸನ್ನು ನೆನೆದಂತೆ ಒಂದು ಚಿತ್ರ ತಲೆಯಲ್ಲಿದೆ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವಳು ನಾನು. ಹೇಳುವವನಿಗೆ ಅನುಕೂಲವಾಗಿರುವ ಸಾಕ್ಷಿಯನ್ನು ಬೇಗ ನಂಬಬಾರದೆಂದು ಕಲಿತಿದ್ದೇನೆ. ಈ ಚಿತ್ರ ನನಗೆ ತೀರ ಅನುಕೂಲವಾಗಿದೆ.

ನಮ್ಮಲ್ಲಿ ಜಪಮಾಲೆ ಶುರು ಮಾಡುವ ಮೊದಲು ಯಾರಿಗಾಗಿ ಎಂದು ಬಾಯಿಬಿಟ್ಟು ಹೇಳಬೇಕು. ನಾನು ಹೇಳುವ ಸಾಲು ನನ್ನ ತಾಯಿಯದು: ಸತ್ತವರು, ಕಡಲಲ್ಲಿರುವವರು, ಕಾಯಿಲೆಯವರು, ಕೊನೆಗೆ ಅವಳ ಮಂಡಿನೋವು. ಅವಳು ತೀರಿಕೊಂಡು ವರ್ಷ ಕಳೆದಿದೆ. ನನ್ನ ನಾಲಿಗೆ ಮಾತ್ರ ಇವತ್ತಿಗೂ ಆ ಮಂಡಿಗೆ ಗುಣ ಬೇಡುತ್ತಿದೆ. ಕೊಂಕಣಿಯ ಮಾತುಗಳು ತಾವಾಗಿ ಉರುಳುತ್ತವೆ, ನಾನು ಕುಕ್ಕರಿನ ಸೀಟಿ ಕೇಳುತ್ತ ಕೂತಿರುತ್ತೇನೆ. ಅಂಥ ಸಾಲಿನೊಳಗೆ ಹೊಸ ಕೂಸಿಗೆ ಜಾಗವೆಲ್ಲಿ? ‘ಕಾಯಿಲೆಯವರು’ ಎಂದಾಗ ಅದೂ ಸೇರಿತ್ತಲ್ಲ ಎಂದು ವಾದಿಸಿ ನೋಡಿದೆ. ಆ ವಾದ ದೇವರ ಮುಂದಿರಲಿ, ನನ್ನ ಮುಂದೆಯೇ ನಿಲ್ಲಲಿಲ್ಲ.

ವಾರದ ನಂತರ ಅಕ್ಕ ನಗುತ್ತ ಬಂದಳು. ಕೂಸು ತಾನಾಗಿ ಉಸಿರಾಡುತ್ತಿತ್ತು. ಎರಡು ದಪ್ಪ ಬಂಗಡೆ ಹೆಚ್ಚಿಗೆ ಹಾಕಿ, “ಇದು ಮಣಿ ಎಣಸಿದ ಕೈಗೆ,” ಅಂದಳು. ಆಗಲೇ ಹೇಳಿಬಿಡಬೇಕಿತ್ತು. ಪಾತ್ರೆ ಮುಂದೆ ಹಿಡಿದೆ. ಮಧ್ಯಾಹ್ನ ಹುರಿದು ತಿಂದೆವು.

ಆ ಸಂಜೆಯಾದರೂ ನೆನಪಿಟ್ಟು ಹೇಳಿದೆನೆ? ಇಲ್ಲ. ಗಂಡಾಂತರ ಕಳೆಯಿತು ಎಂದುಕೊಂಡೆ, ಅಷ್ಟೇ.

ಮೊನ್ನೆ ಬಂದಾಗ ಅಕ್ಕನ ಮುಖ ಇಳಿದಿತ್ತು. ಕೂಸಿಗೆ ಜ್ವರ ಬಂದು ಮತ್ತೆ ಪೆಟ್ಟಿಗೆಗೆ ಹಾಕಿದ್ದರು.

“ನೀವು ಬಿಡ್ಲಿಲ್ಲ ಅಲಾ ಬಾಯೀ?”

ಹೂಂ ಅನ್ನುವುದು ಸುಲಭವಿತ್ತು. “ಬಿಡೂಕೆ ಶುರುನೇ ಮಾಡ್ಲಿಲ್ಲ ಅಕ್ಕಾ. ಮರ್ತುಹೋಯ್ತು. ಒಂದಿನಾನೂ ಹೇಳ್ಲಿಲ್ಲ,” ಅಂದೆ.

ಅವಳು ಬುಟ್ಟಿಯ ಮೇಲಿನ ನೊಣ ಓಡಿಸಿದಳು. ಆಮೇಲೆ, “ಬಂಗಡಿ ತಿಂಬುವಾಗೂ ನೆನಪಾಗ್ಲಿಲ್ಲ?”

“ಆಗಿತ್ತು.”

“ಆಗಿತ್ತು! ಎಂಥಾ ಹೆಂಗ್ಸು ಮಾರಾಯ್ತಿ ನೀವು.” ಸೆರಗಿನಿಂದ ಕಣ್ಣೊರೆಸಿಕೊಂಡಳು. “ಹಂಗಾರೆ ಈಗ ಹೇಳ್ರಿ. ಸಂಜಿಗೆ ಅಂದ್ರೆ ನೀವು ಮತ್ತೆ ಮರೀತ್ರಿ. ನಾ ಇಲ್ಲೇ ಕೂತ್ಕಂತೆ.”

ಜಗಲಿಯಲ್ಲಿಯೇ ಮಂಡಿಯೂರಿದೆ. ಅವಳಿಗೆ ತಿಳಿಯಲೆಂದು ಕನ್ನಡದಲ್ಲಿ ಹೇಳಹೊರಟರೆ ಒಂದು ಮಾತೂ ತಾನಾಗಿ ಬರಲಿಲ್ಲ. ಪ್ರತಿಯೊಂದನ್ನೂ ಹುಡುಕಿ ತೆಗೆಯಬೇಕಾಯಿತು. “ತಾಯೇ, ಈ ಅಕ್ಕನ ಮಗಳ ಕೂಸು…” ಎಂದು ತಡೆದೆ. ಇಷ್ಟು ವರ್ಷ ಅವಳ ಕೈಯಿಂದ ಮೀನು ಕೊಂಡಿದ್ದೇನೆ, ಮಗಳ ಹೆಸರು ಕೇಳಿರಲಿಲ್ಲ. ತಲೆ ತಗ್ಗಿಸಿಯೇ ಕೇಳಿದೆ. ಅವಳು ಹೇಳಿದಳು, ಕೂಸಿನ ಅಪ್ಪನ ಹೆಸರನ್ನೂ ಸೇರಿಸಿ. ಎರಡನ್ನೂ ಹೇಳಿದೆ. ಮರೆತದ್ದನ್ನೂ ಹೇಳಿದೆ. ಅದರ ಶಿಕ್ಷೆ ಕೂಸಿಗೆ ಬೇಡ ಎಂದೆ.

ಏಳುವಾಗ ಅವಳು ನನ್ನ ಮುಖ ನೋಡಲಿಲ್ಲ. “ಬುಟ್ಟಿಗೆ ಒಂದ್ ಕೈ ಕೊಡ್ರಿ,” ಅಂದಳು. ಇಬ್ಬರೂ ಸೇರಿ ಎತ್ತಿ ಅವಳ ತಲೆಗೇರಿಸಿದೆವು.

“ನಾಳಿಗೂ ಬತ್ತೆ,” ಅಂದಳು. “ಹೇಳಿದ್ರಾ ಅಂತ ಕೇಳ್ತೆ.”

“ಕೇಳು ಅಕ್ಕಾ. ದಿನಾ ಕೇಳು.”