ಶರಣಮ್ಮನ ಬಲಗಡೆಯ ಗಾಲಿ ಗುರುತು

1996ರಲ್ಲಿ ನನ್ನ ಓದು ನಿಂತಿತು. ಏಳನೇ ಇಯತ್ತೆಯ ಪರೀಕ್ಷೆ ಬರೆದವನು ಫಲಿತಾಂಶ ನೋಡಲು ಶಾಲೆಗೆ ಹೋಗಲಿಲ್ಲ. ಆ ಹೊತ್ತಿಗೆ ವಾಡಿ ಸ್ಟೇಷನ್ನಿನ ಹತ್ತಿರದ ಒಂದು ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ತೆಗೆಯುತ್ತ ಕುಳಿತಿದ್ದೆ. ಪಾಸಾದೆನೋ ನಪಾಸಾದೆನೋ ಇವತ್ತಿಗೂ ಗೊತ್ತಿಲ್ಲ, ಅದರ ಬೇಸರವೂ ಇಲ್ಲ. ಮುಂದೆ ಚಿತ್ತಾಪುರದಲ್ಲಿ ನನ್ನದೇ ಅಂಗಡಿ ಹಾಕಿದೆ. ಈಗ ಸೇಡಂನಿಂದ, ಶಹಾಬಾದಿನಿಂದ ಜನ ತಮ್ಮ ಗೇರ್ ಸೈಕಲ್ಲುಗಳನ್ನು ಗಾಡಿಯ ಮೇಲೆ ಹೇರಿಕೊಂಡು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಜಂಬಕ್ಕೆ ಹೇಳುತ್ತಿಲ್ಲ. ಸ್ವಲ್ಪ ಜಂಬ ಇದ್ದರೂ ಇರಲಿ, ದುಡಿದವನಿಗೆ ಅಷ್ಟು ಹಕ್ಕಿದೆ. ನಾನು ಕೈಗೆ ಸಿಕ್ಕಿದ್ದನ್ನು, ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬುವ ಮನುಷ್ಯ ಎಂದು ನಿಮಗೆ ಮೊದಲೇ ತಿಳಿಯಲಿ ಎಂದು ಇಷ್ಟು ಹೇಳಿದೆ.

ದೆವ್ವ, ಗಾಳಿ, ಶಕುನ ಎಂದರೆ ನನಗೆ ಆಗುತ್ತಿರಲಿಲ್ಲ. ತೆಂಗಳಿಯಲ್ಲಿ ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ, ಹೊಳೆ ದಂಡೆಯಲ್ಲಿ ಕಂಡದ್ದು ಕೇಳಿದ್ದು ಹೇಳತೊಡಗಿದರೆ ನಾನು ನಡುವೆ ಬಾಯಿ ಹಾಕಿ, "ಅತ್ತಿ, ಅದು ನಡ್ಕೋತ ಬಂತೋ, ಸೈಕಲ್ ಮ್ಯಾಲ ಬಂತೋ?" ಎಂದು ಕೇಳುತ್ತಿದ್ದೆ. ಅವರು ನಗುತ್ತಿದ್ದರು. ಈಗ ಆ ಚೇಷ್ಟೆ ಮಾಡಲು ನನಗೆ ಬಾಯಿ ಬರುವುದಿಲ್ಲ. ನಾನು ಹೇಳುವುದು ರಾತ್ರಿಯ ಸಂಗತಿಯೂ ಅಲ್ಲ, ಒಂದು ಭಾನುವಾರದ ಹಗಲಿನದು. ನಡೆದು ಐದು ವರ್ಷವಾಗಿರಬೇಕು.

ನನ್ನ ಹೆಂಡತಿ ಶರಣಮ್ಮ ಸೈಕಲ್ ಕಲಿತದ್ದು ಇಬ್ಬರು ಹೆಣ್ಣುಮಕ್ಕಳು ಹುಟ್ಟಿ ದೊಡ್ಡವರಾದ ಮೇಲೆ. ರಿಪೇರಿಗೆ ಬಂದ ಒಂದು ಗೇರ್ ಸೈಕಲ್ಲನ್ನು ಹಿತ್ತಲಲ್ಲಿ ಗೋಡೆ ಹಿಡಿದು ಹತ್ತಿದಳು, ಬಿದ್ದಳು, ಮತ್ತೆ ಹತ್ತಿದಳು. ಮಕ್ಕಳು ನಕ್ಕರೆ, "ನಿಮ್ಮಪ್ಪಗ ನಾ ಗಿರಾಕಿ ಆಗಾಕತ್ತೀನಿ, ನಗಬ್ಯಾಡ್ರಿ" ಎಂದಳು. ಒಂದು ತಿಂಗಳಲ್ಲಿ ನಾವು ನಾಲ್ವರೂ ಭಾನುವಾರ ಬೆಳಿಗ್ಗೆ ವಾಡಿ ರಸ್ತೆಯಲ್ಲಿ ಹೊರಡುವ ರೂಢಿ ಬಿತ್ತು. ಆ ರಸ್ತೆಯಲ್ಲಿ ಸಿಮೆಂಟಿನ ಲಾರಿಗಳು ಮೈಗೆ ತಾಗಿಕೊಂಡೇ ಹೋಗುತ್ತವೆ. ಹಾಗಾಗಿ ನಾನು ಅವಳ ಬಲಗಡೆಗೆ, ಒಂದು ಮೊಳ ಅಂತರ ಬಿಟ್ಟು ಹೋಗುತ್ತಿದ್ದೆ.

"ನಾ ಏನ್ ಸಣ್ಣ ಕೂಸೇನ್ರಿ? ಮುಂದ ಹೋಗ್ರಿ" ಎಂದು ಅವಳು ಬೈಯುತ್ತಿದ್ದಳು. ನಾನು ಹೋಗುತ್ತಿರಲಿಲ್ಲ. ಲಾರಿ ಇಲ್ಲದ ಹೊಲದ ದಾರಿಯಲ್ಲೂ ಬಲಗಡೆಗೇ ಇರುವುದು ಅಭ್ಯಾಸವಾಗಿಬಿಟ್ಟಿತು.

ನಮ್ಮ ಜೊತೆ ಬರುವವರು ಹೆಚ್ಚಾದರು. ಆದಿತ್ಯನಗರದ ಕಾರ್ಖಾನೆಯವರು, ಸೇಡಂನ ಒಬ್ಬ ಮೇಷ್ಟ್ರು, ನನ್ನ ಅಂಗಡಿಯ ಪಕ್ಕ ವೆಲ್ಡಿಂಗ್ ಮಾಡುವ ಮೌಲಾ. ಮೌಲಾ ಸೈಕಲ್ ತುಳಿಯುವುದಿಲ್ಲ. ಅವನದು ಟೆಂಪೊ. ನಮ್ಮ ಸೈಕಲ್ಲುಗಳನ್ನು ಅದರ ಮೇಲೆ ಹಗ್ಗ ಬಿಗಿದು ಕಟ್ಟಿ, "ನೀವು ತುಳೀರಿ, ನಾ ನೆಳ್ಳಾಗ ಮಲಗ್ತೀನಿ" ಎಂದು ಬರುತ್ತಾನೆ. ಎಲ್ಲರೂ ಸೇರಿ ಚಿಂಚೋಳಿ ಕಡೆ, ಐನಾಪುರದ ಆಚೆಯ ಕೆಂಪು ಮಣ್ಣಿನ ದಿಬ್ಬಗಳಲ್ಲಿ ಒಂದು ಸಣ್ಣ ರೇಸ್ ಇಟ್ಟುಕೊಂಡೆವು. ನಮ್ಮ ನಮ್ಮೊಳಗಿನದು, ಗೆದ್ದವರಿಗೆ ಒಂದು ಶಾಲು. ಹೆಂಗಸರಿಗೂ ಒಂದು ಸುತ್ತು ಇತ್ತು. ಶರಣಮ್ಮ ಹೆಸರು ಕೊಟ್ಟಳು.

ರೇಸಿನ ಹಿಂದಿನ ಸಂಜೆ ನನ್ನ ಸೈಕಲ್ಲಿನ ಹಿಂದಿನ ಟೈರು ನೆಲಕ್ಕೆ ಹಾಸುವ ಪರಶಿ ಕಲ್ಲಿನ ಚೂರಿಗೆ ಸಿಕ್ಕಿ ನಡುಮಧ್ಯೆ ಸೀಳಿತು. ಬದಲಿ ಟೈರು ಇರಲಿಲ್ಲ. ಅಂಗಡಿಯಲ್ಲೇ ಕುಳಿತು ಒಳಗೆ ಹಳೆಯ ಟೈರಿನ ತುಂಡು ಇಟ್ಟು, ಚಪ್ಪಲಿ ಹೊಲಿಯುವ ದಾರದಿಂದ ನಾಲ್ಕು ಹೊಲಿಗೆ ಹಾಕಿದೆ. ನಾಲ್ಕನೆಯದಕ್ಕೆ ಸೂಜಿ ಮುರಿದು, ಹೊಲಿಗೆ ಸೊಟ್ಟಗಾಯಿತು. ನೋಡಲು ಚಂದ ಇರಲಿಲ್ಲ, ಆದರೆ ಗಟ್ಟಿ ಇತ್ತು. ಮೌಲಾ ಆ ರಾತ್ರಿಯೇ ಸೈಕಲ್ಲುಗಳನ್ನು ಟೆಂಪೊ ಮೇಲೆ ಕಟ್ಟಿದ. ನನ್ನದನ್ನು ಎಲ್ಲಕ್ಕಿಂತ ಮೊದಲು, ಎಲ್ಲದರ ಅಡಿಗೆ, ಬೇರೆ ಗಂಟು ಹಾಕಿ ಕಟ್ಟಿದ.

ಬೆಳಿಗ್ಗೆ ನಾವು ಐನಾಪುರ ಮುಟ್ಟಿದಾಗ ನೆಲ ಹಸಿಯಾಗಿತ್ತು. ರಾತ್ರಿ ಅಲ್ಲಿ ಮಳೆ ಬಿದ್ದಿತ್ತು. ದಾರಿಗೆ ಸುಣ್ಣದ ಗೆರೆ ಎಳೆದಿದ್ದರು. ಕೆಂಪು ಮಣ್ಣಿನ ಮೇಲೆ ಸುಣ್ಣದಷ್ಟು ಚೆನ್ನಾಗಿ ಬೇರೆ ಯಾವುದೂ ಕಾಣುವುದಿಲ್ಲ. ನಾನು ಅವತ್ತು ತುಳಿಯಲಿಲ್ಲ. ಎಲ್ಲರ ಬ್ರೇಕು, ಚೈನು ನೋಡುವ ಕೆಲಸ ನನ್ನದು. ಟೆಂಪೊದ ನೆರಳಲ್ಲೇ ಪಾನಾ, ಸ್ಕ್ರೂಡ್ರೈವರ್ ಮುಂತಾದ ಹತ್ಯಾರಗಳನ್ನು ಹರಡಿಕೊಂಡು ಕುಳಿತಿದ್ದೆ. ನನ್ನ ಸೈಕಲ್ಲು ತಲೆಯ ಮೇಲೆ, ಹಗ್ಗದಲ್ಲೇ ಇತ್ತು.

ಎಲ್ಲಕ್ಕಿಂತ ಮೊದಲು ಹೆಂಗಸರ ಸುತ್ತು. ಹೊರಡುವಾಗ ಶರಣಮ್ಮ ಓಢಣಿಯನ್ನು ಸೊಂಟಕ್ಕೆ ಬಿಗಿದು, ಫೋನನ್ನು ದೊಡ್ಡ ಮಗಳ ಕೈಗೆ ಕೊಟ್ಟಳು. "ಕಣ್ಣು ದಾರಿ ಮ್ಯಾಲ ಇರ್ಲಿ. ಹಿಂದ ಮುಂದ ನೋಡಬ್ಯಾಡ" ಎಂದೆ. "ಶಾಲು ತಗೊಂಡು ಬರ್ತೀನಿ, ನೀವು ಪಾನಾ ಹಿಡಕೊಂಡು ಕುಂದರ್ರಿ" ಎಂದು ಹೋದಳು.

ಉಳಿದವರೆಲ್ಲ ಬಂದರು. ಶರಣಮ್ಮ ಬರಲಿಲ್ಲ. ಹಿಂದೆ ಬಿದ್ದಿರಬೇಕು ಎಂದುಕೊಂಡೆವು. ಮೇಷ್ಟ್ರೂ ಮತ್ತೊಬ್ಬರೂ ಇಡೀ ಸುತ್ತು ಹೋಗಿ ಬಂದು, ದಾರಿಯಲ್ಲಿ ಎಲ್ಲೂ ಇಲ್ಲ ಎಂದರು. ಸಣ್ಣ ಮಗಳು ಅಳತೊಡಗಿದಳು. ನಾನು ಹಗ್ಗ ಬಿಚ್ಚಿ ನನ್ನ ಸೈಕಲ್ಲು ಇಳಿಸಿದೆ. ಗಂಟು ಮೌಲಾ ಹಾಕಿದ ಹಾಗೆಯೇ ಇತ್ತು. ಬಿಚ್ಚುವಾಗ ಉಗುರು ಕಿತ್ತುಹೋಯಿತು, ಅದಕ್ಕೇ ನೆನಪಿದೆ.

ದಿಬ್ಬ ಹತ್ತಿ ಇಳಿದರೆ ಕುರುಚಲು ಗಿಡಗಳ ನಡುವೆ ಸುಣ್ಣದ ಗೆರೆ ಎರಡಾಗಿತ್ತು. ಒಂದು ಬಲಕ್ಕೆ, ರೇಸಿನದು. ಇನ್ನೊಂದು ಎಡಕ್ಕೆ. ಕೆಂಪು ಮಣ್ಣಿನ ಖಣಿಯವರು ಮುಂದೆ ಅಗೆಯುವ ಜಾಗಕ್ಕೆ ಸುಣ್ಣವನ್ನೇ ಎಳೆಯುತ್ತಾರೆಂದು ಆಮೇಲೆ ತಿಳಿಯಿತು. ಎಲ್ಲರ ಗಾಲಿಯ ಗುರುತು ಬಲಕ್ಕೆ ಹೋಗಿತ್ತು. ಇಳಿದು ನೋಡಿದೆ. ಎಡಕ್ಕೂ ಗುರುತು ಇತ್ತು. ಒಂದು ಶರಣಮ್ಮನ ಸೈಕಲ್ಲಿನದು. ಅದರ ಟೈರು ಹಾಕಿದವನು ನಾನೇ. ಅದರ ಬಲಗಡೆಗೆ, ಒಂದು ಮೊಳ ಅಂತರದಲ್ಲಿ, ಇನ್ನೊಂದು ಗುರುತು.

ಯಾರೋ ಜೊತೆಗಿದ್ದಾರೆ ಎಂದು ಒಂದು ಗಳಿಗೆ ಜೀವಕ್ಕೆ ಸಮಾಧಾನವಾಯಿತು. ಆಮೇಲೆ ಬಗ್ಗಿ ನೋಡಿದೆ. ಗಾಲಿ ಒಂದು ಸುತ್ತು ತಿರುಗುವಷ್ಟು ದೂರಕ್ಕೊಮ್ಮೆ ಆ ಹಸಿ ಮಣ್ಣಿನಲ್ಲಿ ಬಾಚಣಿಗೆಯ ತುಂಡು ಒತ್ತಿದ ಹಾಗೆ ನಾಲ್ಕು ಗೀರು. ನಾಲ್ಕನೆಯದು ಸೊಟ್ಟ.

ನನ್ನ ಹಿಂದಿನ ಟೈರನ್ನು ತಿರುಗಿಸಿ ನೋಡಿದೆ. ಮತ್ತೆ ನೆಲ ನೋಡಿದೆ. ಸುಳ್ಳು ಹೇಳುವುದಿಲ್ಲ, ಅದು ನನ್ನದೇ ಹೊಲಿಗೆಯ ಗುರುತು. ಆ ನೆಲಕ್ಕೆ ನಾನು ಹಿಂದೆಂದೂ ಬಂದವನಲ್ಲ. ಆ ಹೊಲಿಗೆ ಹಾಕಿ ಒಂದು ರಾತ್ರಿ ಕಳೆದಿತ್ತು, ಅಷ್ಟೆ.

ಯೋಚಿಸುತ್ತ ನಿಲ್ಲುವ ಹೊತ್ತು ಅದಾಗಿರಲಿಲ್ಲ. ಗುರುತು ಅಳಿಯಬಾರದೆಂದು ಸೈಕಲ್ಲನ್ನು ಪಕ್ಕದಲ್ಲಿ ನೂಕಿಕೊಂಡು ಓಡಿದೆ. ಎರಡು ಗೆರೆಗಳೂ ಎಲ್ಲೂ ಬೇರೆಯಾಗದೆ ಗಿಡಗಳನ್ನು ದಾಟಿ ಹೋದವು. ಮುಂದೆ ನೆಲ ಒಮ್ಮೆಲೇ ಮುಗಿದಿತ್ತು, ಖಣಿಯ ಗುಂಡಿ. ಶರಣಮ್ಮನ ಗೆರೆ ದಂಡೆ ಕುಸಿದಲ್ಲಿ ಕೆಳಗೆ ಹೋಗಿತ್ತು. ಇನ್ನೊಂದು ದಂಡೆಯಲ್ಲೇ ನಿಂತಿತ್ತು. ತಿರುಗಿದ ಗುರುತಿಲ್ಲ, ಕಾಲಿಟ್ಟ ಗುರುತಿಲ್ಲ.

"ಶರಣಮ್ಮಾ!" ಎಂದು ಕೂಗಿದೆ.

"ಇಲ್ಲೇ ಅದೀನ್ರಿ" ಎಂದು ಕೆಳಗಿನಿಂದ ದನಿ ಬಂತು. "ಹಗ್ಗ ತಂದ್ರೇನು?"

ಎರಡಾಳು ಆಳದ ಗುಂಡಿ. ಅರ್ಧಕ್ಕೆ ಒಂದು ಕಿರಿದಾದ ಮೆಟ್ಟಿಲಿನಂಥ ಕಟ್ಟೆ, ಅದರ ಕೆಳಗೆ ಮಳೆನೀರು. ಅವಳು ಕಟ್ಟೆಯ ಮೇಲೆ ಗೋಡೆಗೆ ಒರಗಿ ಕುಳಿತಿದ್ದಳು. ಬಲಗಾಲು ಮಂಡಿಯ ಕೆಳಗೆ ಬೇರೆ ದಿಕ್ಕಿಗೆ ತಿರುಗಿತ್ತು. ಸೈಕಲ್ಲು ಕಾಣಲಿಲ್ಲ, ನೀರಿನೊಳಗೆ ಹೋಗಿತ್ತು. ನಮ್ಮದು ಹೊಳೆ ದಂಡೆಯ ಮನೆತನ, ನನಗೆ ಈಜು ಹುಟ್ಟಿದಾಗಿನಿಂದ ಬಂದದ್ದು. ಅವಳೂ ಹೊಳೆ ದಂಡೆಯ ಊರಿನವಳೇ, ಆದರೆ ಈಜು ಬರುವುದಿಲ್ಲ.

"ಹಗ್ಗ ಎಲ್ಲಿಂದು? ನಾ ಈಗೇ ಬಂದೀನಿ" ಎಂದೆ.

"ಮತ್ತ ಇಷ್ಟೊತ್ತು ಮ್ಯಾಲ ಯಾರ್ ಕುಂತಿದ್ರು?"

ಮಣ್ಣು ಹಿಡಿದು ಕಟ್ಟೆಗಿಳಿದು ಅವಳನ್ನು ಹಿಡಿದುಕೊಂಡೆ. ನಾನು ಮುಟ್ಟಿದ ಮೇಲೆಯೇ ಅವಳು ನಡುಗತೊಡಗಿದ್ದು. ಅಲ್ಲಿಯವರೆಗೆ ಕಲ್ಲಿನ ಹಾಗೆ ಅಲುಗದೆ ಕುಳಿತಿದ್ದಳು. ಅಲುಗಿದ್ದರೆ ನೀರು.

ನನ್ನ ಹಿಂದೆಯೇ ಹುಡುಕುತ್ತ ಹೊರಟಿದ್ದ ಮೌಲಾ ನನ್ನ ಕೂಗು ಕೇಳಿ ಹಗ್ಗದೊಂದಿಗೆ ಎಲ್ಲರಿಗಿಂತ ಮುಂದೆ ಬಂದ. ದಂಡೆಯ ಮೇಲೆ ನಿಂತು ನೆಲ ನೋಡಿ ಕೇಳಿದ: "ಉಸ್ತಾದ್, ಎರಡ್ ಸಲ ಬಂದಿಯೇನು ಇಲ್ಲಿಗೆ?"

"ಇಲ್ಲ. ಹಗ್ಗ ಬಿಡೋ ಮೊದಲ."

"ನಿನ್ನ ಟೈರಿಂದು ಬಂದ ಗುರ್ತ ಎರಡವ. ತಿರುಗಿ ಹೋದದ್ದು ಒಂದೂ ಇಲ್ಲಲ್ಲೊ."

ಅವನು ಹಗ್ಗ ಇಳಿಬಿಟ್ಟ. ಅಷ್ಟರಲ್ಲಿ ಹತ್ತು ಹನ್ನೆರಡು ಜನ ಬಂದರು, ಟೆಂಪೊ ಬಂತು, ನೆಲವೆಲ್ಲ ಕಲಸಿಹೋಯಿತು. ಫೋಟೋ ಯಾಕೆ ತೆಗೆಯಲಿಲ್ಲ ಎಂದು ಕೇಳುವವರಿದ್ದಾರೆ. ಹೆಂಡತಿ ಗುಂಡಿಯಲ್ಲಿರುವಾಗ ಕೆಸರಿನ ಫೋಟೋ ತೆಗೆಯುವ ಗಂಡಸು ನಾನಲ್ಲ.

ಕಲಬುರಗಿಗೆ ಹೋಗುವ ದಾರಿಯಲ್ಲಿ, ಟೆಂಪೊದಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿ ಅವಳು ಹೇಳಿದ್ದು ಇಷ್ಟು: "ಎಲ್ಲಾರಕಿಂತ ಮುಂದ ನಾನೇ ಇದ್ದೆ. ಗೆರಿ ಎರಡಾದಲ್ಲಿ ನಿಂತೆ. ಯಾವ ಕಡಿ ಅಂತ ತಿಳೀಲಿಲ್ಲ. ಆಗ ನೀವು ಬಾಜೂಕ ಬಂದ್ರಿ. ನಿಮ್ಮ ಗಾಲಿ ಟಿಕ್ ಟಿಕ್ ಅನ್ನೋದು ನನಗ ಗೊತ್ತಿಲ್ಲೇನು? ನೀವು ಅದೀರಿ ಅಂತ ಧೈರ್ಯದಿಂದ ಎಡಕ್ಕ ಹೋದೆ."

"ತಿರುಗಿ ನೋಡಲಿಲ್ಲೇನು?"

"ನೋಡಬ್ಯಾಡ ಅಂದವರು ನೀವೇ ಅಲ್ಲೇನ್ರಿ."

ಬಿದ್ದ ಮೇಲೂ ಅದೇ ಸಪ್ಪಳ ದಂಡೆಯ ಮೇಲೆ ಕೇಳುತ್ತಿತ್ತಂತೆ, ಯಾರೋ ಸೈಕಲ್ಲು ತಲೆಕೆಳಗೆ ಇಟ್ಟು ಗಾಲಿ ತಿರುಗಿಸುತ್ತ ಕುಳಿತ ಹಾಗೆ. ಗಂಡ ಮೇಲಿದ್ದಾನೆ, ಜನ ಬರುವವರೆಗೆ ಅಲುಗಬಾರದು ಎಂದು ಕುಳಿತಳಂತೆ.

ನನ್ನ ತೊಡಕು ಇರುವುದು ಇಲ್ಲಿ. ಅದು ಏನೇ ಇರಲಿ, ಅದು ಇದ್ದದ್ದಕ್ಕೇ ಅವಳು ತಪ್ಪು ದಾರಿ ಹಿಡಿದಳು. ಒಬ್ಬಳೇ ಇದ್ದಿದ್ದರೆ ಹಿಂದಿನವರಿಗಾಗಿ ಕಾಯುತ್ತಿದ್ದಳು. ಹಾಗೆಯೇ ಅದು ಇದ್ದದ್ದಕ್ಕೇ ಅವಳು ನೀರಿಗೆ ಜಾರಲಿಲ್ಲ, ನಾನೂ ನೇರವಾಗಿ ದಂಡೆಗೆ ಹೋದೆ. ಕೇಡು ಬಯಸಿತೋ ಒಳ್ಳೆಯದು ಬಯಸಿತೋ ನನಗೆ ಹೇಳಲಾಗುವುದಿಲ್ಲ. ಅತ್ತೆಗೆ ಹೇಳಿದೆ. ಅವರು ಮೊದಲ ಸಲ ನನ್ನ ಮಾತಿಗೆ ನಗಲಿಲ್ಲ, ಕಥೆಯನ್ನೂ ಹೇಳಲಿಲ್ಲ, ಊಟಕ್ಕೆ ಎಬ್ಬಿಸಿದರು. ಮೇಷ್ಟ್ರು, ಗಾಬರಿಯಲ್ಲಿ ಕಣ್ಣು ಏನು ಬೇಕಾದರೂ ಕಾಣುತ್ತದೆ ಎಂದರು. ಇರಬಹುದು. ಮೌಲಾನ ಕಣ್ಣಿಗೆ ಯಾವ ಗಾಬರಿ ಇತ್ತು ಎಂದು ಕೇಳಿದೆ. ಶರಣಮ್ಮ ಮಾತ್ರ, "ನೀವೇ ಇದ್ರಿ, ಮರ್ತೀರಿ" ಎಂದು ಮಾತು ಮುಗಿಸುತ್ತಾಳೆ. ಅವಳಿಗೆ ಅದರಲ್ಲಿ ವಿಚಿತ್ರವೇ ಕಂಡಿಲ್ಲ.

ಕಾಲು ಕೂಡಲು ಒಂದು ವರ್ಷ ಹಿಡಿಯಿತು. ನಡೆಯುವಾಗ ಸ್ವಲ್ಪ ಎಳೆಯುತ್ತಾಳೆ, ಆದರೆ ತುಳಿಯುವಾಗ ಗೊತ್ತಾಗುವುದಿಲ್ಲ. ಅದರ ಮುಂದಿನ ಚಳಿಗಾಲದಿಂದ ಭಾನುವಾರ ಮತ್ತೆ ಹೊರಡುತ್ತಿದ್ದೇವೆ. ಎಷ್ಟೇ ವಿಚಾರ ಮಾಡಿದರೂ ಲೆಕ್ಕ ಹತ್ತದ ಈ ಒಂದು ಸಂಗತಿಯನ್ನು ಬಿಟ್ಟರೆ ನನ್ನ ಬದುಕಿನಲ್ಲಿ ಎಲ್ಲ ಲೆಕ್ಕವೂ ಸರಿ ಇದೆ. ಎರಡು ಶಟರಿನ ಅಂಗಡಿ ಒಂದು. ಸೈಕಲ್ಲು ನಾಲ್ಕು. ಹೆಣ್ಣುಮಕ್ಕಳು ಇಬ್ಬರು. ಹೆಂಡತಿ ಒಬ್ಬಳು, ಇದ್ದಾಳೆ.