ಹಟ್ಟಿ ಎದ್ದುಹೋದ ಮಧ್ಯಾಹ್ನ

ನಾನು ಚಿಕ್ಕವಳಿದ್ದಾಗ ನಮಗೆ ಊರು ಎಂಬುದು ಇರಲಿಲ್ಲ. ಬೆಳಗಾವಿ ಕಡೆಯಿಂದ ಕುರಿ ಹೊಡೆದುಕೊಂಡು ಬರುತ್ತಿದ್ದೆವು. ಕೊಯ್ಲಾದ ಗದ್ದೆಯಲ್ಲಿ ಹಟ್ಟಿ ಹಾಕಿ, ಗೊಬ್ಬರ ಬಿದ್ದ ಮೇಲೆ ಮುಂದಿನ ಗದ್ದೆಗೆ ಹೋಗುತ್ತಿದ್ದೆವು. ಅವ್ವ ತೀರಿಕೊಂಡ ಮೇಲೆ ಅಪ್ಪನಿಗೆ ಅಲೆದಾಟ ಸಾಕಾಯಿತು. ಅಂಬ್ಲಿಗೊಳ ಜಲಾಶಯದ ನೀರು ಹರಿಯುವ ಬಯಲಿನ ಒಂದು ಊರಿನಲ್ಲಿ, ವರ್ಷದ ನಡುವೆಯೇ, ನನ್ನನ್ನು ಶಾಲೆಗೆ ಸೇರಿಸಿದ.

ಮೊದಲ ದಿನ ಮೇಷ್ಟ್ರು, ಯಾವೂರಮ್ಮ ಎಂದು ಕೇಳಿದರು. ಏನು ಹೇಳಬೇಕೆಂದು ತೋಚದೆ, "ಸಾಲಿಗೆ ಬಂದೇನ್ರಿ" ಎಂದೆ. ಮಕ್ಕಳೆಲ್ಲ ನಕ್ಕರು. "ಶಾಲೆಗೆ ಸಾಲಿಯಂತೆ" ಎಂದು ಹಿಂದಿನಿಂದ ಯಾರೋ ಅಣಕಿಸಿದರು. ನನ್ನ ಮೈಯ ಕುರಿವಾಸನೆಗೆ ಪಕ್ಕದ ಹುಡುಗಿ ಸರಿದು ಕುಳಿತಳು. ಮಧ್ಯಾಹ್ನದ ಗಂಟೆ ಬಾರಿಸಿದ್ದೇ ತಡ, ಓಡಿದೆ.

ಗದ್ದೆಯಲ್ಲಿ ಹಟ್ಟಿ ಇರಲಿಲ್ಲ. ಗೂಟ ಕಿತ್ತ ಕುಳಿಗಳು, ಹಿಕ್ಕೆ, ಒಲೆಯ ಕಲ್ಲುಗಳು ಮಾತ್ರ ಇದ್ದವು. ಬೂದಿ ಮುಟ್ಟಿದೆ, ಇನ್ನೂ ಬೆಚ್ಚಗಿತ್ತು. ನನ್ನನ್ನು ಶಾಲೆಗೆ ಕೊಟ್ಟು ಹೋಗಿಬಿಟ್ಟರೇ? ಹಿಕ್ಕೆಯ ಜಾಡು ಹಿಡಿದು ಕಾಲುವೆಯವರೆಗೆ ಹೋದೆ. ಅಲ್ಲಿ ದಾರಿ ಕವಲಾಗಿತ್ತು, ಎರಡರಲ್ಲೂ ಹಿಕ್ಕೆ. ಯಾರನ್ನಾದರೂ ಕೇಳೋಣವೆಂದರೆ ಮತ್ತೆ ನಕ್ಕಾರೆಂಬ ಭಯ. ಅಲ್ಲೇ ಕುಳಿತುಬಿಟ್ಟೆ.

ಬಹಳ ಹೊತ್ತಿನ ಮೇಲೆ ಅಕ್ಕ ಏದುಸಿರು ಬಿಡುತ್ತ ಬಂದಳು. ನನ್ನನ್ನು ಕರೆದೊಯ್ಯಲು ಹೋಗಿ, ಶಾಲೆಯಲ್ಲಿ ನಾನಿಲ್ಲದ್ದು ಕಂಡು ಊರೆಲ್ಲ ಹುಡುಕಿದ್ದಳು. ಕುರಿ ಪಕ್ಕದವರ ಅಲಸಂದೆಗೆ ನುಗ್ಗಿ ಜಗಳವಾಗಿ, ನಮ್ಮವರನ್ನು ನಿಂತ ಕಾಲಲ್ಲೇ ಎಬ್ಬಿಸಿದ್ದರಂತೆ.

"ಈಗ ಎಲ್ಲಿಗೆ ಹೋಗೂದು?" ಎಂದೆ.

"ಗೊತ್ತಿಲ್ಲ. ಅಪ್ಪ ಮನಿ ಮನಿಗೆ ಹೋಗಿ ಕೇಳಾಕತ್ತಾನ."

ನಾವು ಸೇರಿಕೊಂಡಾಗ ಅಪ್ಪ ಊರಾಚೆಯ ಒಂದು ಮನೆಯ ಮುಂದೆ ನಿಂತಿದ್ದ. ಕುರಿಗಳು ರಸ್ತೆಯಲ್ಲೇ ಅರಚುತ್ತಿದ್ದವು. ಬಾಗಿಲಲ್ಲಿದ್ದ ಮುದುಕಿ ನಮ್ಮನ್ನೆಲ್ಲ ಮೇಲಿಂದ ಕೆಳಗೆ ನೋಡಿ, "ಎಷ್ಟ್ ದಿನ ಇರ್ತೀರಿ?" ಎಂದಳು.

"ಹುಡುಗಿ ಕಲಿಯೂ ತನಕ ಇರ್ತೀವ್ರಿ" ಎಂದ ಅಪ್ಪ.

ಆಕೆ ಒಮ್ಮೆ ರಸ್ತೆಯ ಕುರಿಗಳತ್ತ, ಒಮ್ಮೆ ನನ್ನತ್ತ ನೋಡಿದಳು.

"ನಮ್ಮ ಗದ್ದೇಲಿ ಇಳೀರಿ. ಬೆಳೆ ಕಡೆ ಮಾತ್ರ ಬಿಡ್ಬೇಡಿ" ಎಂದು ಮುದುಕಿ ಒಳಗೆ ಹೋದಳು.

ಹಾಗೆ ಉಳಿದೆವು. ಆದರೂ ಎಷ್ಟೋ ದಿನ ನಾನು ಗಂಟೆ ಬಾರಿಸುವ ಮೊದಲೇ ಕಿಟಕಿಯಿಂದ ಆ ಗದ್ದೆಯತ್ತ ಇಣುಕುತ್ತಿದ್ದೆ.

ಮಕ್ಕಳೇ, ನಿಮಗೆ ಗಟ್ಟಿ ಗೋಡೆಯ ಮನೆಯಿದೆ. ನೀವು ಬರುವುದು ತಡವಾದರೆ ಅಮ್ಮ ಫೋನು ಮಾಡುತ್ತಾಳೆ. ನಿಮ್ಮ ತರಗತಿಗೆ ಇಟ್ಟಿಗೆ ಭಟ್ಟಿಯವರ ಮಗಳು, ಹಿಂದಿ ಮಾತಾಡುವವಳು, ಬರುತ್ತಿದ್ದಳಲ್ಲ, ಸೋಮವಾರದಿಂದ ಬಂದಿಲ್ಲ ಎಂದಿರಿ. ಎಲ್ಲಿಗೆ ಹೋದಳು ಎಂದು ಕೇಳಿದರೆ, "ಗೊತ್ತಿಲ್ಲ ಅಜ್ಜಿ" ಎಂದು ಟೀವಿ ಹಾಕಿದಿರಿ. ನನಗೆ ಊಟ ಸೇರಲಿಲ್ಲ. ನಾಳೆ ಭಟ್ಟಿಯ ಕಡೆ ಹೋಗಿ ನೋಡಿ ಬರುತ್ತೇನೆ. ಅವಳ ಗುರುತು ನನಗಿಲ್ಲ, ನೀವೂ ಬನ್ನಿ.