ಪೈಲಟ್ ಕೈ ಬೀಸುವವರೆಗೆ

ಮನುಕುಲದ ಮುಂದಿರುವ ಬಹು ಗಂಭೀರವಾದ ಪ್ರಶ್ನೆಯೊಂದನ್ನು ಈ ವಾರ ಎತ್ತಿಕೊಳ್ಳದೆ ವಿಧಿಯಿಲ್ಲ: ಒಬ್ಬರು ಕೈ ಎತ್ತಿದರೆ ಇನ್ನೊಬ್ಬರು ತಿರುಗಿ ಕೈ ಬೀಸಬೇಕೇ, ಬೇಡವೇ? ಇದರಿಂದ ಸಾಮ್ರಾಜ್ಯಗಳು ಉರುಳಿಲ್ಲ, ನಿಜ. ವಿಮಾನಗಳು ತಡವಾಗಿವೆ.

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ವಿಮಾನ ನಿಲ್ದಾಣದ ಕಾಂಕ್ರೀಟಿನ ಅಂಗಳದಲ್ಲಿ, ಕಿವಿಗೆ ದಪ್ಪ ಮುಚ್ಚಳ ಹಾಕಿಕೊಂಡ ತೆಳ್ಳನೆಯ ಮನುಷ್ಯರೊಬ್ಬರು ವಿಮಾನದ ಮೂತಿಯಡಿ ಬಗ್ಗಿದ್ದಾರೆ. ಅಲ್ಲಿಯವರಿಗೆಲ್ಲ ಇವರು ದೊಡ್ಡಪ್ಪ. ವಿಮಾನವನ್ನು ಹಿಂದಕ್ಕೆ ತಳ್ಳಿದ ಟ್ರ್ಯಾಕ್ಟರ್ ಕಳಚಿಕೊಂಡು ದೂರ ಸರಿದಿದೆ. ತಳ್ಳುವಷ್ಟು ಹೊತ್ತು ಮುಂದಿನ ಚಕ್ರ ಪೈಲಟ್‌ನ ಮಾತು ಕೇಳದಿರಲೆಂದು ಅಲ್ಲೊಂದು ಪಿನ್ನು ಸಿಗಿಸಿರುತ್ತಾರೆ. ದೊಡ್ಡಪ್ಪ ಅದನ್ನು ಕಿತ್ತು, ತಮ್ಮವರೆಲ್ಲ ಆಚೆ ಬಂದರೇ ಎಂದು ನೋಡಿ, ಪಕ್ಕಕ್ಕೆ ನಡೆದು, ಪಿನ್ನಿಗೆ ಕಟ್ಟಿದ ಗೇಣುದ್ದದ ಕೆಂಪು ಪಟ್ಟಿಯನ್ನು ತಲೆಯ ಮೇಲೆ ಎತ್ತಿ ಹಿಡಿಯುತ್ತಾರೆ. ಪಿನ್ನು ಹೊರಗಿದೆ, ಚಕ್ರದ ಹತ್ತಿರ ಯಾರೂ ಇಲ್ಲ ಎಂದು ಅದರ ಅರ್ಥ. ಮೇಲಿಂದ ಪೈಲಟ್ ಕೈ ಬೀಸಿದರೆ, ನೋಡಿದೆ ಎಂದರ್ಥ. ಆಮೇಲೆ ದೊಡ್ಡಪ್ಪನ ಹೆಬ್ಬೆರಳು ಮೇಲೇಳುತ್ತದೆ, ವಿಮಾನ ಹೊರಡುತ್ತದೆ.

ಬೀಸದಿದ್ದರೆ? ದೊಡ್ಡಪ್ಪ ನಿಲ್ಲುತ್ತಾರೆ. ಪಟ್ಟಿ ತೋರಿಸಿದ ಶಾಸ್ತ್ರ ಮುಗಿಸಿ ಹೊರಡುವವರು ಬೇಕಾದಷ್ಟಿದ್ದಾರೆ. ಇವರು ಆ ಪೈಕಿಯಲ್ಲ.

ಇದರಿಂದ ನಿದ್ದೆಗೆಟ್ಟವರು ವಿಮಾನಗಳನ್ನು ಹೊತ್ತಿಗೆ ಸರಿಯಾಗಿ ಹೊರಡಿಸುವ ಹೊಣೆಯ ಅಧಿಕಾರಿ, ಅಂಗಳದ ಭಾಷೆಯಲ್ಲಿ ‘ಗಡಿಯಾರ ಸಾಹೇಬರು’. ಕೆಟ್ಟವರಲ್ಲ, ಅವರ ತಲೆಯ ಮೇಲೂ ಒಂದು ಗಡಿಯಾರವಿದೆ. “ಯಾಕೆ ತಡ ಆಯ್ತು ಅಂತ ಮೇಲಿನವ್ರು ಕೇಳಿದ್ರೆ ನಾನೇನು ಹೇಳ್ಲಿ ದೊಡ್ಡಪ್ಪ? ಪೈಲಟ್ಟು ಟಾಟಾ ಮಾಡ್ಲಿಲ್ಲ, ಅದಕ್ಕೇ ಅಂತ ಹೇಳ್ಲಾ?” ಎನ್ನುತ್ತಾರೆ. ಇನ್ನೊಂದು ಸಲ ತಡವಾದರೆ ಒಳಗೆ ಪ್ರಯಾಣಿಕರ ಸಾಮಾನು ಸಾಗಿಸುವ ಬೆಲ್ಟಿನ ಕೆಲಸಕ್ಕೆ ಹಾಕುತ್ತೇನೆಂದು ಹೇಳಿಯೂ ಆಗಿದೆ.

ದೊಡ್ಡಪ್ಪ ಹೀಗೆ ನಿಲ್ಲುವ ಕಾರಣ ತಿಳಿಯಬೇಕಾದರೆ ಸಿಬ್ಬಂದಿಯ ಕ್ಯಾಂಟೀನಿಗೆ ಹೋಗಬೇಕು. ಅಲ್ಲಿ ಚಹಾ ಸೋಸುವವರು ದೊಡ್ಡಪ್ಪನ ಹೆಂಡತಿಯ ತಮ್ಮ. ಎಡಪಾದದ ಮುಂಭಾಗ ಇಲ್ಲ. ಬಾಯಿ ಮಾತ್ರ ಪೂರ್ತಿ ಇದೆ.

ಹಿಂದೆ ಭಾವ, ಭಾವಮೈದ ಇಬ್ಬರೂ ಅಂಗಳದಲ್ಲೇ ಇದ್ದರು. ಆಗ ಹಳೆ ಕಟ್ಟಡದ ತಾರಸಿ ಊರಿಗೆಲ್ಲ ತೆರೆದಿರುತ್ತಿತ್ತು. ಯಾರೂ ಎಲ್ಲಿಗೂ ಹೋಗದಿದ್ದರೂ ಜನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದು, ಗುರುತಿಲ್ಲದವರಿಗೆಲ್ಲ ಕರವಸ್ತ್ರ ಬೀಸುತ್ತಿದ್ದರು. “ಪೈಲಟ್ಟು ಕೆಳಗಿಳಿದು ಬಂದು, ಮನೇಲೆಲ್ಲ ಹೇಗಿದಾರಪ್ಪ ಅಂತ ಕೇಳೋರು. ಈಗ ಅವರ ಮುಖ ಗಾಜಿನ ಹಿಂದೇನೇ ನೋಡ್ಬೇಕು” ಎನ್ನುತ್ತಾರೆ ದೊಡ್ಡಪ್ಪ.

ಭಾವಮೈದ ಲೋಟ ಕೊಡುತ್ತಾ ಮುಂದಿನದನ್ನು ಹೇಳುತ್ತಾರೆ. “ಚಕ್ರಕ್ಕೆ ಅಡ್ಡ ಕೊಟ್ಟಿದ್ದ ಮರದ ತುಂಡು ತೆಗೆದು ಎದ್ದೆ. ತಾರಸಿ ಮೇಲೆ ನೋಡಿದ್ರೆ ನಮ್ಮಕ್ಕ, ಪಾಪೂನ ಎತ್ಕೊಂಡು ನಿಂತಿದಾಳೆ. ಕೈ ಎತ್ತಿ ಟಾಟಾ ಮಾಡ್ದೆ. ಪೈಲಟ್ಟು ತನಗೇ ಅಂದ್ಕೊಂಡು ಹೊರಟೇಬಿಟ್ಟ! ಅಕ್ಕನ ಮೇಲೆ ಪ್ರೀತಿ ಇಟ್ಕೊಂಡ್ರೆ ಹೀಗೇ ನೋಡಿ ಸ್ವಾಮಿ, ಚಪ್ಪಲಿ ಕೂಡ ಒಂದೂವರೆ ಸಾಕು.”

“ನಗ್ತಾನೆ ಇವ್ನು,” ಎನ್ನುತ್ತಾರೆ ದೊಡ್ಡಪ್ಪ. “ಅವತ್ತು ಇವ್ನು ಕಿರುಚಿದ್ದು ಇಂಜಿನ್ ಸದ್ದಲ್ಲಿ ನಂಗೆ ಕೇಳಿಸ್ಲೇ ಇಲ್ಲ. ಮೇಲೆ ಇವನಕ್ಕ ಬಾಯಿ ತೆರೆದದ್ದು ಕಾಣಿಸ್ತು. ಅದೂ ಕೇಳಿಸ್ಲಿಲ್ಲ.”

ಆವತ್ತಿನಿಂದ ಆ ಮನೆಯಲ್ಲಿ ಯಾರೂ ಸುಮ್ಮನೆ ಕೈ ಬೀಸುವುದಿಲ್ಲ. ಅಂದು ಕಂಕುಳಲ್ಲಿದ್ದ ಪಾಪುವಿಗೆ ಈಗ ತನ್ನದೇ ಸಂಸಾರವಿದೆ; ತವರಿಂದ ಹೊರಟವಳು ತಿರುವಿನಲ್ಲಿ ಕೈ ಬೀಸುವವರೆಗೂ ಅಪ್ಪ ಬಾಗಿಲು ಹಾಕುವುದಿಲ್ಲ. ತಾರಸಿಯ ಮೇಲೀಗ ನೀರಿನ ಟ್ಯಾಂಕುಗಳಿವೆ. ಕೆಲಸಕ್ಕೆ ಬರುವಾಗ ದೊಡ್ಡಪ್ಪ ಈಗಲೂ ಅತ್ತ ಒಮ್ಮೆ ಕತ್ತೆತ್ತಿ ನೋಡುತ್ತಾರೆ.

ನಾನು ಅಲ್ಲಿದ್ದ ಬೆಳಗ್ಗೆ ಪಟ್ಟಿ ಮೇಲೇರಿದೆ. ಗಾಜಿನ ಹಿಂದೆ ಪೈಲಟ್‌ನ ತಲೆ ತಗ್ಗಿಯೇ ಇದೆ. ದೂರದಲ್ಲಿ ಸಾಹೇಬರು ತಮ್ಮ ಮಣಿಕಟ್ಟಿಗೆ ತಾವೇ ಹೊಡೆದುಕೊಳ್ಳುತ್ತಿದ್ದಾರೆ. ಟ್ರ್ಯಾಕ್ಟರ್ ಓಡಿಸುವಾಕೆ, ಇಬ್ಬರು ಮಕ್ಕಳ ತಾಯಿ, ದೊಡ್ಡಪ್ಪನ ಕಿವಿಯ ಮುಚ್ಚಳ ಸರಿಸಿ ಕೂಗುತ್ತಾಳೆ: “ಹೆಬ್ಬೆರಳು ಎತ್ತಿಬಿಡಿ ದೊಡ್ಡಪ್ಪ! ಬೆಲ್ಟಿಗೆ ಹಾಕ್ತಾರೆ ನಿಮ್ಮನ್ನ! ಯಾರೂ ಇಲ್ಲ ಅಲ್ಲಿ, ನಾನೇ ನೋಡಿದೀನಿ!”

“ನೀನು ನೋಡಿದೀಯಮ್ಮ. ಅವ್ನು ನೋಡಿಲ್ಲ.”

ಪಟ್ಟಿ ಇಳಿಯುವುದಿಲ್ಲ. ಕೊನೆಗೆ ಗಾಜಿನ ಹಿಂದೆ ತಲೆಯೊಂದು ಏಳುತ್ತದೆ, ಕೈಯೊಂದು ಬೀಸುತ್ತದೆ. ಹೆಬ್ಬೆರಳು ಏಳುತ್ತದೆ. ವಿಮಾನ ಹೊರಟುಹೋಗುತ್ತದೆ, ತಡವಾಗಿ.

ಸಾಹೇಬರು ಮಾತಿಗೆ ತಪ್ಪುವವರಲ್ಲ. ಮಧ್ಯಾಹ್ನಕ್ಕೇ ಆದೇಶ ಬಂತು. “ಒಳಗೆ ನೆರಳಿದೆ, ಫ್ಯಾನಿದೆ, ಕೂರೋಕೆ ಸ್ಟೂಲೂ ಇದೆಯಂತೆ,” ಎನ್ನುತ್ತಾರೆ ದೊಡ್ಡಪ್ಪ. “ಸೂಟ್‌ಕೇಸು ತಿರುಗಿ ಕೈ ಬೀಸಲ್ಲ, ಅಷ್ಟೇ ಬೇಜಾರು.” ಪಿನ್ನನ್ನು ಟ್ರ್ಯಾಕ್ಟರಿನಾಕೆಯ ಕೈಗಿಟ್ಟು, “ಪಟ್ಟಿ ಕೊಳೆಯಾಗಿದೆ, ಒಗ್ಕೋ. ಕೆಂಪು ಕಾಣ್ಬೇಕು” ಎಂದರು. ಆಕೆ, “ನಿಮ್ಮ ಹಾಗೆ ಕಂಬದ ಥರ ನಿಲ್ಲೋಕೆ ನಂಗಂತೂ ಆಗಲ್ಲಪ್ಪ” ಎಂದು ಮುಖ ತಿರುಗಿಸಿದಳು.

ಸೋಮವಾರದಿಂದ ದೊಡ್ಡಪ್ಪ ಸಾಮಾನಿನ ಬೆಲ್ಟಿನಲ್ಲಿದ್ದಾರೆ. ಅವರ ಜಾಗದಲ್ಲಿ ಟ್ರ್ಯಾಕ್ಟರಿನಾಕೆ ನಿಂತಳು. ಮೊದಲ ವಿಮಾನ ತಡವಾಗಿ ಹೊರಟಿತು.